ವಾರ್ಡ್ ಒಂದೇ, ಕೇರಿ ಬೇರೆ

ಪ್ರಶ್ನೆ: ನಾನು ಸಮಾಜಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಯಾವ ಜಾತಿಯವರು ಎಲ್ಲೆಲ್ಲಿ ವಾಸವಿದ್ದಾರೆ ಅನ್ನೋದರ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ನಾನು ಆರಿಸಿಕೊಂಡ ವಾರ್ಡ್‌ಗಳಲ್ಲಿ ಪರಿಶಿಷ್ಟ ಜಾತಿಯವರ ಪಾಲು ಹೆಚ್ಚುಕಡಿಮೆ ಇಡೀ ನಗರದಲ್ಲಿ ಇರುವಷ್ಟೇ ಇದೆ. ಆದರೆ ಬಾಡಿಗೆ ಮನೆ ಹುಡುಕಲು ಹೋದಾಗ ಓನರ್ ಕೇಳಿದ ಮೊದಲ ಮಾತೇ "ನೀವು ಯಾವ ಪೈಕಿ?" ಅಂತ. ಅಂಕಿಅಂಶ ಸುಳ್ಳಾ, ನನ್ನ ಅನುಭವ ಸುಳ್ಳಾ? ನಗರ ಯೋಜನೆಯಿಂದ ಇದು ಸರಿಹೋಗುತ್ತಾ?

ಉತ್ತರ: ಎರಡೂ ಸುಳ್ಳಲ್ಲ. ನೀವು ಹಿಡಿದಿರುವ ಜರಡಿಯ ಕಣ್ಣು ದೊಡ್ಡದು, ಅಷ್ಟೇ. 2011ರ ಜನಗಣತಿಯ ವೇಳೆ ಬಿಬಿಎಂಪಿಯಲ್ಲಿ 198 ವಾರ್ಡ್‌ಗಳು, ಸುಮಾರು 84 ಲಕ್ಷ ಜನ. ಅಂದರೆ ವಾರ್ಡ್‌ಗೆ ಸರಾಸರಿ 42 ಸಾವಿರಕ್ಕೂ ಜಾಸ್ತಿ. ಅದೇ ಒಂದು ಊರಾಯಿತಲ್ಲ! ಊರು ಅಂದಮೇಲೆ ಎಲ್ಲರೂ ಇರುತ್ತಾರೆ. ಯಾರು ಯಾವ ಕೇರಿಯಲ್ಲಿ ಅನ್ನೋದನ್ನು ನೋಡಬೇಕು.

ಒಂದು ಲೆಕ್ಕ ಹಾಕೋಣ. ನಗರದಲ್ಲಿ ನೂರಕ್ಕೆ 20 ಮನೆ ದಲಿತರದ್ದು ಅಂದುಕೊಳ್ಳಿ. ನಿಮ್ಮ ವಾರ್ಡ್‌ನಲ್ಲಿ ನಾಲ್ಕು ಬೀದಿ, ಬೀದಿಗೆ 100 ಮನೆ. ಒಟ್ಟು 400ರಲ್ಲಿ 80 ಮನೆ ದಲಿತರದ್ದು. ಅಲ್ಲಿಗೆ ನಗರದಷ್ಟೇ ಪಾಲು, ವಾರ್ಡ್ ಲೆಕ್ಕದಲ್ಲಿ ಎಲ್ಲ ಚೆನ್ನಾಗಿದೆ. ಈಗ ಒಳಗೆ ಹೋಗಿ ನೋಡಿ. ಆ 80 ಮನೆಯೂ ನಾಲ್ಕನೇ ಬೀದಿಯಲ್ಲೇ ಇವೆ! ಒಟ್ಟು ಮನೆಗಳಲ್ಲಿ ದಲಿತರ ಪಾಲು ನಾಲ್ಕೂ ಬೀದಿಯಲ್ಲಿ ಒಂದೇ ಆಗಬೇಕಾದರೆ ಬೇರೆಯವರು ಇದ್ದಲ್ಲೇ ಇದ್ದು 80ರಲ್ಲಿ 75 ದಲಿತ ಕುಟುಂಬ ಬೀದಿ ಬದಲಿಸಬೇಕು. ಆಗ ನಾಲ್ಕನೇ ಬೀದಿಯಲ್ಲಿ 25ಕ್ಕೆ 5, ಮಿಕ್ಕ ಒಂದೊಂದರಲ್ಲೂ 125ಕ್ಕೆ 25. ಹೀಗೆ ಬದಲಿಸಬೇಕಾದವರ ಪಾಲನ್ನೇ ಸಂಶೋಧಕರು ಡಿಸ್‌ಸಿಮಿಲಾರಿಟಿ ಇಂಡೆಕ್ಸ್ ಅನ್ನುತ್ತಾರೆ. ಇಲ್ಲಿ ಅದು 80ರಲ್ಲಿ 75, ಅಂದರೆ ಸುಮಾರು 0.94. ಪೂರ್ತಿ ಬೆರೆತಿದ್ದರೆ ಸೊನ್ನೆ, ಪೂರ್ತಿ ಬೇರೆಯಾಗಿದ್ದರೆ ಒಂದು. 1955ರಲ್ಲಿ ಅಮೆರಿಕದ ಡಂಕನ್ ದಂಪತಿ ಇದನ್ನು ವಿವರವಾಗಿ ಪರಿಶೀಲಿಸಿ ಬರೆದ ಮೇಲೆ ಎಲ್ಲರೂ ಬಳಸತೊಡಗಿದರು.

ಇದು ಸುಮ್ನೆ ಕಾಗದದ ಲೆಕ್ಕ ಅಲ್ಲ. ಬೆಂಗಳೂರಿನ ಐಐಎಂನ ನವೀನ್ ಭಾರತಿ, ದೀಪಕ್ ಮಲ್ಘನ್ ಮತ್ತು ಅವರ ಜೊತೆಗಾರರು 2018ರಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಕೋಲ್ಕತ್ತ, ಮುಂಬೈಗಳನ್ನು ಹೀಗೇ ನೋಡಿದರು. ಅವರು ಬಳಸಿದ್ದು ಗಣತಿ ಬ್ಲಾಕ್‌ನ ಅಂಕಿ. ಒಬ್ಬ ಗಣತಿದಾರರಿಗೆ ವಹಿಸುವ ನೂರು ಚಿಲ್ಲರೆ ಮನೆಗಳ ತುಂಡು ಅದು. ವಾರ್ಡ್ ವಾರ್ಡ್‌ಗಳ ನಡುವೆ ಇರುವ ಜಾತಿ ಅಂತರಕ್ಕಿಂತ ಒಂದೇ ವಾರ್ಡ್‌ನ ಒಳಗಿನ ಅಂತರವೇ ಸಾಮಾನ್ಯವಾಗಿ ಹೆಚ್ಚು ಅಂತ ತೋರಿಸಿಕೊಟ್ಟರು. ನಿಮ್ಮ ಗೊಂದಲಕ್ಕೆ ನೇರ ಉತ್ತರ ಇದೇ.

ಹಳೇ ಬೆಂಗಳೂರಿನವರಿಗೆ ಇದು ಹೊಸ ಸುದ್ದಿಯೇನಲ್ಲ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಅಂತ ಹೆಸರಲ್ಲೇ ಬರೆದುಕೊಂಡಿದ್ದ ಊರು ನಮ್ಮದು. 1898ರ ಪ್ಲೇಗ್ ಆದಮೇಲೆ ಗಾಳಿ ಬೆಳಕಿಗೆಂದು ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ರಸ್ತೆ ಅಗಲವಾಯಿತು, ಸೈಟ್ ಹಂಚಿಕೆಯಲ್ಲಿ ಮಾತ್ರ ಜಾತಿ ಸಮುದಾಯಗಳ ಲೆಕ್ಕ ಹಾಗೇ ಉಳಿಯಿತು. ಆಗ ಇದನ್ನು ನಕ್ಷೆಯೇ ಮಾಡುತ್ತಿತ್ತು. ಈಗ ಓನರ್, ಬ್ರೋಕರ್ ಮಾಡುತ್ತಾರೆ. "ವೆಜಿಟೇರಿಯನ್ಸ್ ಓನ್ಲಿ" ಅನ್ನೋ ಬೋರ್ಡ್ ಬರೀ ಅಡುಗೆಮನೆಯ ವಿಷಯ ಅಂತ ನಂಬುವಷ್ಟು ಮುಗ್ಧರು ಯಾರೂ ಇಲ್ಲ ಬಿಡಿ.

ಯೋಜನೆಯಿಂದ ಸರಿಹೋಗುತ್ತಾ? ಸಿಂಗಪುರ ಮಾಡಿ ನೋಡಿದೆ. 1989ರಿಂದ ಅಲ್ಲಿನ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ ಚೀನೀ, ಮಲಯ, ಭಾರತೀಯ ಮೂಲದವರಿಗೆ ಇಂತಿಷ್ಟೇ ಅಂತ ಮಿತಿ ಇದೆ. ಗಮನಿಸಿ, ಮಿತಿ ಬರೀ ಬಡಾವಣೆಗಲ್ಲ, ಒಂದೊಂದು ಕಟ್ಟಡಕ್ಕೂ ಇದೆ. ಜರಡಿಯ ಕಣ್ಣು ಎಷ್ಟಿರಬೇಕು ಅಂತ ಅವರಿಗೆ ಗೊತ್ತಿತ್ತು. ತೊಂದರೆಯೂ ಇದೆ. ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿ ಅಲ್ಪಸಂಖ್ಯಾತರು ಮನೆ ಮಾರಲು ಹೊರಟರೆ ಕೊಳ್ಳುವವರು ಕಡಿಮೆ, ಬೆಲೆ ಇಳಿಯುತ್ತದೆ. ಅದೂ ಅಲ್ಲದೆ ಬಹುಪಾಲು ಜನ ಸರ್ಕಾರ ಕಟ್ಟಿದ ಮನೆಯಲ್ಲೇ ಇರುವ ದೇಶ ಅದು. ನಮ್ಮಲ್ಲಿ ಬಾಡಿಗೆ ಮನೆ ಅಂದರೆ ಖಾಸಗಿಯವರ ಮಹಡಿ ಮನೆ. ಸಾಲದ್ದಕ್ಕೆ, ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ಸದಸ್ಯತ್ವ ತಮ್ಮವರಿಗೆ ಮಾತ್ರ ಅಂದಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹಾಗಾಗಿ ಮಾಸ್ಟರ್ ಪ್ಲಾನ್ ಒಂದರಿಂದಲೇ ಆಗುವ ಕೆಲಸ ಅಲ್ಲ. ಬಾಡಿಗೆಯಲ್ಲಿ ಭೇದ ಮಾಡುವುದನ್ನು ನೇರವಾಗಿ ತಡೆಯುವ ಕಾನೂನು ಬೇಕು ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಪ್ರಬಂಧಕ್ಕೆ ಬರೋಣ. ಬ್ಲಾಕ್ ಮಟ್ಟದ ಅಂಕಿ ಸುಲಭಕ್ಕೆ ಸಿಗುವುದಿಲ್ಲ, ಅದನ್ನೇ ನೆಚ್ಚಿ ಕೂರಬೇಡಿ. ಒಂದೇ ವಾರ್ಡ್ ಹಿಡಿಯಿರಿ. ಎರಡು ತಿಂಗಳು ಪ್ರತಿ ಭಾನುವಾರ ಓಡಾಡಿ, ಟು-ಲೆಟ್ ಬೋರ್ಡ್ ಕಂಡಲ್ಲೆಲ್ಲ ಬೀದಿ, ಬಾಡಿಗೆ, ಬೋರ್ಡ್‌ನ ಒಕ್ಕಣೆ ಬರೆದುಕೊಳ್ಳಿ. ಓನರ್ ಕೇಳಿದ ಮೊದಲ ಮೂರು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ದಾಖಲಿಸಿ. ಆಮೇಲೆ ಆ ಏರಿಯಾದ ಹಳೇ ಬ್ರೋಕರ್ ಒಬ್ಬರಿಗೆ ಕಾಫಿ ಕೊಡಿಸಿ, ಯಾವ ಬೀದಿಗೆ ಯಾರನ್ನು ಕರೆದುಕೊಂಡು ಹೋಗುವುದಿಲ್ಲ ಅಂತ ಕೇಳಿ.