ಥ್ಯಾಂಕ್ಸ್‌ಗಿವಿಂಗ್ ಆಲೂಗಡ್ಡೆಗೆ ಮಿಕ್ಸಿ ಬೇಡ ತಂಗಿ

ಅಕ್ಕಾ ಅಂತ ಕರೆದಿದ್ದೀಯ, ಆ ಸಲುಗೆಯಲ್ಲಿ ನೀನು ಅಂತಲೇ ಬರೀತೀನಿ. ಅಕ್ಟೋಬರ್ ಎರಡನೇ ಸೋಮವಾರ ಆಫೀಸಿನವರ ಮನೇಲಿ ಇಲ್ಲಿನ ಕೆನಡಾದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ, ಎಂಟು ಜನಕ್ಕೆ ಗಾರ್ಲಿಕ್ ಮ್ಯಾಶ್ಡ್ ಪೊಟೇಟೊ (ಬೆಳ್ಳುಳ್ಳಿ ಹಾಕಿ ಹಿಸುಕಿದ ಆಲೂಗಡ್ಡೆ) ತರೋಕೆ ಹೇಳಿದ್ದಾರೆ. ಏನು ಹಾಕ್ಕೊಂಡು ಹೋಗಲಿ, ಕುಕ್ಕರಲ್ಲಿ ಬೇಯಿಸಿ ಮಿಕ್ಸಿಗೆ ಹಾಕಿದರೆ ನಡೆಯುತ್ತಾ ಅಂತ ಕೇಳಿದ್ದೀಯ. ಬಟ್ಟೆ ಯಾವುದಾದರೂ ಸರಿ. ಬರಿಗೈಲಿ ಹೋಗಬಾರದು ಅಂತ ನಿನಗೆ ಹೇಳಿಕೊಡಬೇಕಿಲ್ಲ. ಮಿಕ್ಸಿ ಮಾತ್ರ ಖಂಡಿತ ಬೇಡ.

ಬೆಂದ ಆಲೂಗಡ್ಡೆಯ ಒಳಗೆ ಪಿಷ್ಟ ಉಬ್ಬಿ ಕೂತಿರುತ್ತೆ. ಬ್ಲೇಡ್ ತಿರುಗಿದರೆ ಅದೆಲ್ಲ ಒಡೆದು ಹೊರಗೆ ಬಂದು, ಪೋಸ್ಟರ್ ಅಂಟಿಸೋ ಮೈದಾ ಗೋಂದು ಆಗುತ್ತೆ. ಆಮೇಲೆ ಎಷ್ಟು ಹಾಲು ಬೆಣ್ಣೆ ಸುರಿದರೂ ಬಿಡಿಬಿಡಿಯಾಗಲ್ಲ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಒಯ್ದಿದ್ದ ಅಂಥ ಗೋಂದನ್ನ ಊಟಕ್ಕೆ ಕರೆದ ಮನೆಯವರು ನಗುನಗುತ್ತಾ ಎರಡೆರಡು ಸಲ ಬಡಿಸಿಕೊಂಡರು. ನೆನೆದರೆ ಈಗಲೂ ನಾಚಿಕೆ. ನಿನ್ನದೂ ಅಂಟಾಗಿಬಿಟ್ಟರೆ ಟ್ರೇಗೆ ಹರವಿ, ಚೀಸ್ ಉದುರಿಸಿ ಅವನ್‌ನಲ್ಲಿಡು, ಬೇರೆ ಹೆಸರು ಹೇಳು.

ಒಂಟಾರಿಯೋದಲ್ಲೇ ಇದ್ದೀಯ, ಯೂಕಾನ್ ಗೋಲ್ಡ್ ತಗೋ, ಒಂದೂವರೆ ಕೆಜಿ. ಇಲ್ಲೇ ಗ್ವೆಲ್ಫ್‌ನಲ್ಲಿ ಬೆಳೆಸಿ 1980ರಲ್ಲಿ ಹೊರಬಿಟ್ಟ ತಳಿ. ಹಾಸನದ ಆಲೂಗಡ್ಡೆ ತಿಂದ ನಾಲಿಗೆಗೂ ಒಪ್ಪುತ್ತೆ. ಕೆಂಪು ಸಿಪ್ಪೆಯದು ಬೇಡ, ಅದನ್ನ ಹಿಸುಕಿ ಹಿಸುಕಿಯೇ ಅಂಟಾಗುತ್ತೆ.

ಸಿಪ್ಪೆ ಹೆರೆದು ನಾಲ್ಕು ಸೆಂಟಿಮೀಟರ್ ಹೋಳು ಮಾಡು, ಎರಡು ಸಲ ತೊಳಿ. ತಣ್ಣೀರಲ್ಲೇ ಹಾಕಿ, ಎರಡು ದೊಡ್ಡ ಚಮಚ ಉಪ್ಪಿನ ಜೊತೆ ಒಲೆ ಹಚ್ಚು. ಕುದಿನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತೆ. ಕುದಿ ಬಂದಮೇಲೆ ಸಣ್ಣ ಉರಿಯಲ್ಲಿ 15–20 ನಿಮಿಷ, ಚಾಕು ಸಲೀಸಾಗಿ ಇಳಿಯೋವರೆಗೆ. ಕುಕ್ಕರ್ ಪಲ್ಯಕ್ಕಿರಲಿ, ಹೋಳು ಅದರಲ್ಲಿ ಒಡೆದು ನೀರು ಕುಡಿದರೆ ಬೆಣ್ಣೆಗೆ ಜಾಗ ಇರಲ್ಲ. ನೀರು ಬಸಿದು ಅದೇ ಪಾತ್ರೆಗೆ ಸುರಿದು, ಸಣ್ಣ ಉರಿಯಲ್ಲಿ ಎರಡು ನಿಮಿಷ ಹಬೆ ಆರಿಸು. ಇದನ್ನ ಬಿಡಬೇಡ.

ಅಷ್ಟರಲ್ಲಿ ಒಂದು ಲೋಟ (250 ಮಿಲಿ) ಹಾಲು, ಅರ್ಧ ಲೋಟ 35% ಕ್ರೀಮ್, 12 ಎಸಳು ಬೆಳ್ಳುಳ್ಳಿ ಸಣ್ಣ ಉರಿಯಲ್ಲಿ 15 ನಿಮಿಷ. ಎಸಳು ಬೆಣ್ಣೆಯ ಹಾಗೆ ಮೆತ್ತಗಾದಾಗ ಚಮಚದಲ್ಲಿ ಅದರಲ್ಲೇ ಅರೆ. ಇಲ್ಲಿನ ಎಸಳು ದಪ್ಪ, ನಮ್ಮ ನಾಟಿ ಬೆಳ್ಳುಳ್ಳಿಯ ಘಾಟಿಲ್ಲ, ಅದಕ್ಕೇ 12. ಒಗ್ಗರಣೆಗೆ ಹುರಿದ ಹಾಗೆ ಕೆಂಪಗೆ ಮಾಡಿದರೆ ಕಹಿ. ಹಸಿಯಾಗೇ ಜಜ್ಜಿ ಹಾಕಿದರೆ ಬಾಯೆಲ್ಲ ಘಾಟು.

ಸೂಟ್‌ಕೇಸಲ್ಲಿ ಪಾವ್‌ಭಾಜಿ ಮ್ಯಾಶರ್ ತಂದಿದ್ದೀಯ ತಾನೆ? ಸಾಕು. ಬಿಸಿ ಇರುವಾಗಲೇ ಹಿಸುಕಿ, ಮೊದಲು 170 ಗ್ರಾಂ ಬೆಣ್ಣೆ ಬೆರೆಸು, ಆಮೇಲೆ ಬಿಸಿ ಹಾಲು ಮೂರು ಸಲವಾಗಿ. ಬೆಣ್ಣೆಯ ಜಿಡ್ಡು ಮೊದಲು ಹಿಡಿದರೆ ಅಂಟು ಕಡಿಮೆ. ತಣ್ಣನೆ ಹಾಲು ಹಾಕಿದರೆ ಗಡ್ಡೆಗಟ್ಟುತ್ತೆ. ಉಪ್ಪು, ಬಿಳಿ ಮೆಣಸಿನ ಪುಡಿ ಹಾಕಿ ನಿಲ್ಲಿಸು. ಅರಿಶಿನ, ಹಸಿಮೆಣಸಿನಕಾಯಿ ಕಡೆ ಕೈ ಹೋಗುತ್ತೆ, ಗೊತ್ತು. ಅದು ದೋಸೆ ಮಾಡಿದ ದಿನಕ್ಕಿರಲಿ.

ಒಯ್ಯೋಕೆ ಚಪಾತಿ ಹಾಟ್‌ಬಾಕ್ಸ್ ಒಳ್ಳೇದು. ಮುಚ್ಚಳದಡಿ ಬಟ್ಟೆ ಹಾಸು, ಇಲ್ಲದಿದ್ದರೆ ಹಬೆಯ ನೀರು ತೊಟ್ಟಿಕ್ಕುತ್ತೆ. ಕಾಲು ಲೋಟ ಬಿಸಿ ಹಾಲು ಫ್ಲಾಸ್ಕಲ್ಲಿರಲಿ, ಗಟ್ಟಿಯಾದರೆ ಸಡಿಲಿಸಬಹುದು.

ನೀನು ಸಸ್ಯಾಹಾರಿ ಅಂದೆಯಲ್ಲ, ಸೋರ್ ಕ್ರೀಮ್ ಸೇರಿಸೋ ಆಸೆಯಾದರೆ ಡಬ್ಬಿಯ ಹಿಂದೆ ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು) ಇದೆಯಾ ಓದು, ಕೆಲವದರಲ್ಲಿ ಇರುತ್ತೆ. ಮೇಜಿನ ಮೇಲಿನ ಕಂದು ಗ್ರೇವಿ ಸಾಮಾನ್ಯವಾಗಿ ಟರ್ಕಿ ಕೋಳಿ ಬೇಯುವಾಗ ಬಿಟ್ಟ ರಸದ್ದು, ಅದರ ಸೌಟು ನಿನ್ನ ಪಾತ್ರೆಗೂ ಬರುತ್ತೆ. ಮೊದಲೇ ನಿನ್ನ ತಟ್ಟೆಗೆ ಬಡಿಸಿಕೋ.