ಭೂಮಿ ಬಾಯ್ತೆರೆದ ಅಧ್ಯಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಅಂಗಡಿಯೂ ಅಲ್ಲಿದ್ದ ಜನರೂ ವಾಹನಗಳೂ ಮಣ್ಣಿನಡಿಗೆ, ಗಂಗಾವಳಿ ನದಿಯೊಳಗೆ ಹೋದದ್ದು ತಮಗೆ ತಿಳಿದೇ ಇದೆ. ಈಚೆಗೆ ಒಂದು ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು ಸತ್ಯವೇದದ (ಬೈಬಲಿನ) ಅರಣ್ಯಕಾಂಡದ 16ನೆಯ ಅಧ್ಯಾಯವನ್ನು ಓದಿ, ಮೋಶೆಗೆ ತಿರುಗಿಬಿದ್ದ ಕೋರಹನ ಕಾಲದಲ್ಲಿ ಭೂಮಿ ಬಾಯ್ತೆರೆದಂತೆಯೇ ಶಿರೂರಿನಲ್ಲಿಯೂ ತೆರೆಯಿತು, ಇದು ದೇವರ ನ್ಯಾಯತೀರ್ಪು ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದವರು ನದಿಯ ಆಚೆ ದಡದಲ್ಲಿ ಅದೇ ದುರಂತಕ್ಕೆ ಸಿಕ್ಕಿದ ಉಳುವರೆಯ ಹೆಂಗಸು. ಅವರು ಏನೂ ಹೇಳದೆ ಎದ್ದು ಹೊರಗೆ ಹೋದರು. ದಂಗೆಯೆದ್ದವರನ್ನು ದೇವರು ದಂಡಿಸುತ್ತಾನೆಂದು ಸತ್ಯವೇದದಲ್ಲಿ ಇದೆಯಲ್ಲವೇ? ಹಾಗಾದರೆ ಆ ಬೋಧಕರು ಹೇಳಿದ್ದರಲ್ಲಿ ತಪ್ಪೇನು?
— ಓದುಗರೊಬ್ಬರು, ಅಂಕೋಲಾ

ಉತ್ತರ: ಇದೆ, ಅಮ್ಮಾ. ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ನನ್ನಿಂದಾಗದು. ನೋಹನ ಕಾಲದ ಜಲಪ್ರಳಯ, ಬಾಬೆಲಿನ ಗೋಪುರ, ಸೊದೋಮಿನ ಬೆಂಕಿ, ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯದ ಕೈಗೆ ಸಿಕ್ಕಿ ಹಾಳಾದ ಯೆರೂಸಲೇಮ್, ಇವೆಲ್ಲದರಲ್ಲಿಯೂ ಮನುಷ್ಯನು ತಿರುಗಿಬೀಳುತ್ತಾನೆ, ದೇವರು ನ್ಯಾಯತೀರಿಸುತ್ತಾನೆ ಎಂಬ ಎಳೆ ಓಡುತ್ತದೆ, ಅದನ್ನು ಕಿತ್ತರೆ ನೇಯ್ಗೆಯೇ ಬಿಚ್ಚಿಹೋಗುತ್ತದೆ. ನನ್ನ ಆಕ್ಷೇಪ ಬೇರೆ. ಆ ಬೋಧಕರು ಕೈಗೆತ್ತಿಕೊಂಡ ಅಧ್ಯಾಯವನ್ನು ಕಡೆಯವರೆಗೆ ಓದಲಿಲ್ಲ.

ಇಸ್ರಾಯೇಲ್ಯರನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿ ಕರೆತಂದವನು ಮೋಶೆ, ಅವನ ಅಣ್ಣ ಆರೋನನು ಯಾಜಕ. ಕೋರಹನು ಹೊರಗಿನವನಲ್ಲ. ಮೋಶೆಯ ತಂದೆ ಅಮ್ರಾಮನೂ ಕೋರಹನ ತಂದೆ ಇಚ್ಹಾರನೂ ಅಣ್ಣತಮ್ಮಂದಿರಾದ್ದರಿಂದ ಇದು ದಾಯಾದಿಗಳ ಜಗಳವೂ ಹೌದು. ಕೋರಹನ ಮನೆತನದವರಾದ ಕೆಹಾತ್ಯರಿಗೆ ದೇವಗುಡಾರದ ಪವಿತ್ರ ವಸ್ತುಗಳನ್ನು ಹೆಗಲ ಮೇಲೆ ಹೊರುವ ಕೆಲಸವಿತ್ತು. ಅದು ಸಾಲದೆ ಅವನು ಯಾಜಕತ್ವವನ್ನೂ ಬಯಸಿ, ಮುಖಂಡರಾಗಿದ್ದ 250 ಮಂದಿಯನ್ನು ಕೂಡಿಸಿಕೊಂಡು, ಸಮೂಹದವರೆಲ್ಲರೂ ಪರಿಶುದ್ಧರಾಗಿರುವಾಗ ನೀವಿಬ್ಬರೇ ಯಾಕೆ ಮೇಲೇರಿ ಕುಳಿತಿದ್ದೀರಿ ಎಂದು ಮೋಶೆ ಆರೋನರನ್ನು ಕೇಳಿದನು. ಕೇಳಲಿಕ್ಕೆ ಚೆಂದದ ಮಾತೇ. ರೂಬೇನ್ ಕುಲದ ದಾತಾನ್ ಮತ್ತು ಅಬೀರಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮನ್ನು ಬಿಟ್ಟಿಯಾಳುಗಳಾಗಿ ದುಡಿಸಿದ ಐಗುಪ್ತವನ್ನೇ ಹಾಲೂ ಜೇನೂ ಹರಿಯುವ ದೇಶವೆಂದು ಕರೆದರು. ದಂಗೆಯ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ: ಬಿಡಿಸಿದವನ ಮುಂದೆ ನಿಂತು, ಕಟ್ಟಿಹಾಕಿದವನನ್ನು ಹೊಗಳುವುದು.

ಆಮೇಲೆ ನೆಲ ಸೀಳಿ ದಾತಾನ್ ಅಬೀರಾಮರನ್ನು ನುಂಗಿತು. ಆದರೆ ಸೀಳುವ ಮೊದಲು ಏನಾಯಿತೆಂಬುದನ್ನು ಗಮನಿಸಿ. ಒಂದು ರಾತ್ರಿಯ ಅವಧಿ ಕೊಡಲಾಯಿತು. ಮೋಶೆಯೂ ಆರೋನನೂ ಬೋರಲು ಬಿದ್ದು, ಒಬ್ಬನು ಪಾಪಮಾಡಿದರೆ ಸಮೂಹದವರೆಲ್ಲರ ಮೇಲೆ ಕೋಪಿಸಬಹುದೇ ಎಂದು ದೇವರ ಸಂಗಡ ವಾದಿಸಿದರು. ಆ ಗುಡಾರಗಳ ಹತ್ತಿರದಿಂದ ದೂರ ಸರಿಯಿರಿ ಎಂದು ಜನರಿಗೆ ಎದುರಿಗೇ ಹೇಳಲಾಯಿತು. ಸತ್ಯವೇದದ ಪ್ರವಾದಿಗಳು ಸಾಮಾನ್ಯವಾಗಿ ಕೇಡು ಬರುವ ಮೊದಲೇ ಬಂದು ನಿಲ್ಲುತ್ತಾರೆ. ಯೋನನು ನಿನೆವೆಗೆ 40 ದಿನ ಮೊದಲೇ ಹೇಳಿದನು, ಊರು ಪಾಪ ಬಿಟ್ಟು ದೇವರ ಕಡೆಗೆ ತಿರುಗಿಕೊಂಡಿತು, ಉಳಿಯಿತು. ಹೆಣಗಳನ್ನು ಎತ್ತಿದ ಮೇಲೆ ಮೈಕು ಹಿಡಿದು ಬರುವವನನ್ನು ಪ್ರವಾದಿಯ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಶಿರೂರಿನ ಗುಡ್ಡ ಕುಸಿಯಲು ಕೋರಹನು ಬೇಕಾಗಿರಲಿಲ್ಲ. ರಸ್ತೆ ಅಗಲಿಸಲು ಬುಡವನ್ನು ನೆಟ್ಟಗೆ ಕಡಿದದ್ದೂ ಮೇಲಿನಿಂದ ಆಷಾಢದ ಮಳೆ ಬಿಡದೆ ಹೊಡೆದದ್ದೂ ಸಾಕಾಗಿತ್ತು. ಅಲ್ಲಿ ಪಾಪದ ಲೆಕ್ಕ ಹಾಕಲೇಬೇಕೆಂದಿದ್ದರೆ, ಚಹಾ ಕುಡಿಯಲು ನಿಂತವರಿಂದ ಆರಂಭಿಸುವುದಂತೂ ಸರಿಯಲ್ಲ.

ಇನ್ನು ಬೋಧಕರು ಓದದೆ ಬಿಟ್ಟ ಭಾಗ. ಮಾರನೆಯ ದಿನ ಜನರೆಲ್ಲರೂ ಮೋಶೆಯ ಮೇಲೆಯೇ ಗುಣುಗುಟ್ಟಿದರು, ಪಾಳೆಯದಲ್ಲಿ ವ್ಯಾಧಿ ಹಬ್ಬಿತು. ಆಗ ಆರೋನನು, ಹಿಂದಿನ ದಿನವಷ್ಟೇ ಯಾವನ ಯಾಜಕತ್ವವನ್ನು ಹೀಯಾಳಿಸಿದ್ದರೋ ಅದೇ ಮುದುಕನು, ಯಜ್ಞವೇದಿಯ ಕೆಂಡವನ್ನೂ ಧೂಪವನ್ನೂ ಧೂಪಾರತಿಯಲ್ಲಿ ಹಾಕಿಕೊಂಡು ಆ ಜನರ ನಡುವೆ ಓಡಿದನು. ಸತ್ತವರಿಗೂ ಬದುಕಿರುವವರಿಗೂ ನಡುವೆ ನಿಂತನು, ವ್ಯಾಧಿ ನಿಂತಿತು ಎಂದು 48ನೆಯ ವಚನ ಹೇಳುತ್ತದೆ. ಅಷ್ಟರೊಳಗೆ 14,700 ಮಂದಿ ಸತ್ತಿದ್ದರು. ಯಾಜಕನ ಜಾಗ ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ಬರೆದದ್ದನ್ನು ನಾನು ಓದಿಲ್ಲ. ಕ್ರೈಸ್ತರಾದ ನಾವು ಯೇಸುವನ್ನು ಮಹಾಯಾಜಕನೆಂದು ಕರೆಯುವಾಗ, ಶಿಲುಬೆಯ ಮೇಲೆ ಅವನು ನಿಂತದ್ದು ಇದೇ ನಡುವಿನಲ್ಲಿ, ತೀರ್ಪು ತನ್ನ ಮೇಲೆಯೇ ಬೀಳುವಂಥ ಜಾಗದಲ್ಲಿ ಎಂದು ನಂಬುತ್ತೇವೆ.

ಒಂದು ಕಷ್ಟ ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆ. ದಾತಾನ್ ಅಬೀರಾಮರ ಗುಡಾರದ ಬಾಗಿಲಲ್ಲಿ ಅವರ ಹೆಂಡಿರೂ ಚಿಕ್ಕ ಮಕ್ಕಳೂ ನಿಂತಿದ್ದರೆಂದು 27ನೆಯ ವಚನದಲ್ಲಿದೆ. ತಂದೆಯ ಪಾಪಕ್ಕೆ ಮಕ್ಕಳು ಸಾಯಬಾರದೆಂದು ಧರ್ಮೋಪದೇಶಕಾಂಡವೂ ಪ್ರವಾದಿ ಯೆಹೆಜ್ಕೇಲನೂ ಖಡಾಖಂಡಿತವಾಗಿ ಹೇಳುವಾಗ ಆ ಬಾಗಿಲನ್ನು ದಾಟಿ ಮುಂದಕ್ಕೆ ಓದುವುದು ನನಗೆ ಇಂದಿಗೂ ಸುಲಭವಾಗಿಲ್ಲ.

ಯೇಸುವಿನ ಬಳಿಗೂ ನಿಮ್ಮ ಪ್ರಶ್ನೆ ಹೋಗಿತ್ತು. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೋ ಎಂದು ಅವನೇ ಕೇಳಿ, ಅಲ್ಲವೆಂದು ಅವನೇ ಉತ್ತರಿಸಿದನು. ಒಡನೆಯೇ, ನೀವು ತಿರುಗಿಕೊಳ್ಳದಿದ್ದರೆ ನಿಮಗೂ ಅದೇ ಗತಿ ಎಂದು ಕೇಳುಗರ ಕಡೆಗೇ ಬೆರಳು ತೋರಿಸಿದನು. ಲೂಕನ 13ನೆಯ ಅಧ್ಯಾಯದಲ್ಲಿ ಇದರ ಬೆನ್ನಿಗೇ ಮೂರು ವರ್ಷ ಫಲ ಕೊಡದ ಅಂಜೂರದ ಮರದ ಸಾಮ್ಯವಿದೆ. ಕಡಿಯಲು ಹೇಳಿದ ಯಜಮಾನನಿಗೆ ತೋಟದ ಆಳು, ಈ ವರ್ಷವೂ ಇರಲಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಅಡಿಕೆ ಮರದ ಬುಡ ಬಿಡಿಸಿ ಸೊಪ್ಪು ಗೊಬ್ಬರ ಕೊಡುವ ನಮ್ಮ ಘಟ್ಟದ ಮೇಲಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಾರವಾರದಲ್ಲಿ ನಮ್ಮ ಮನೆಯ ಹಿಂದಿನ ಧರೆ ಒಂದು ಮಳೆಗಾಲದ ಬೆಳಗಿನ ಜಾವ ಜಾರಿ, ಬಚ್ಚಲುಮನೆಯ ಒಲೆಯವರೆಗೆ ಕೆಂಪು ಮಣ್ಣು ತುಂಬಿತ್ತು, ಹಂಡೆಯ ಬಾಯಿ ಮಾತ್ರ ಕಾಣುತ್ತಿತ್ತು. ಅಕ್ಕಪಕ್ಕದವರು ಹಾರೆ, ಬುಟ್ಟಿ ತಂದರು. ನೀವೇನು ಪಾಪ ಮಾಡಿದ್ದೀರಿ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಉಳುವರೆಯ ಆ ಹೆಂಗಸಿನ ಮನೆಗೆ ನೀವೊಮ್ಮೆ ಹೋಗಿಬನ್ನಿ. ಏನು ಹೇಳಬೇಕೆಂಬ ಚಿಂತೆ ಬೇಡ, ಅವರು ಹೇಳುವುದನ್ನು ಕೇಳಿದರೆ ಸಾಕು.

ಪ್ರಶ್ನೆ: ನಮ್ಮ ಸಭೆಯ ವಾರ್ಷಿಕ ಕೂಟದಲ್ಲಿ ಕಟ್ಟಡ ನಿಧಿಯ ಲೆಕ್ಕ ಕೇಳಿದ್ದಕ್ಕೆ, ನನ್ನಲ್ಲಿ ಕೋರಹನ ಆತ್ಮ ಸೇರಿಕೊಂಡಿದೆ ಎಂದರು. ಹಿರಿಯರನ್ನು ಪ್ರಶ್ನಿಸುವುದು ದೇವರಿಗೆ ವಿರುದ್ಧವಾದ ದಂಗೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ. ಕೋರಹನು ಲೆಕ್ಕ ಕೇಳಲಿಲ್ಲ, ಪದವಿ ಕೇಳಿದನು. ಲೆಕ್ಕವನ್ನು ಮೋಶೆಯೇ ಕೊಟ್ಟನು: ಇವರಿಂದ ಒಂದು ಕತ್ತೆಯನ್ನಾದರೂ ನಾನು ತೆಗೆದುಕೊಂಡಿಲ್ಲ ಎಂಬ ಮಾತು ಅದೇ ಅಧ್ಯಾಯದ 15ನೆಯ ವಚನದಲ್ಲಿದೆ. ನಿಮ್ಮ ಸಭೆಯ ಖಜಾಂಚಿಯವರು ಅದನ್ನು ಓದಿದರೆ ಒಳ್ಳೆಯದು.

ಇನ್ನೂ ಬಲವಾದ ಸಾಕ್ಷಿ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿದೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಂತು, ತಂದೆಯ ಪಾಲನ್ನು ತಮಗೆ ಏಕೆ ಕೊಡಬಾರದೆಂದು ಕೇಳಿದರು. ನಮ್ಮ ತಂದೆ ಕೋರಹನ ಗುಂಪಿನಲ್ಲಿ ಇದ್ದವನಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟದ್ದನ್ನು ನೋಡಿದರೆ, ಪ್ರಶ್ನೆ ಕೇಳಿದವರಿಗೆ ಆ ಹೆಸರು ಅಂಟಿಸುವ ಅಭ್ಯಾಸ ಆಗಲೇ ಶುರುವಾಗಿತ್ತೇನೋ ಎಂದು ನನಗೆ ನಗು ಬರುತ್ತದೆ. ದೇವರು ಕೊಟ್ಟ ಉತ್ತರ ಚಿಕ್ಕದು: ಅವರು ಹೇಳುವುದು ನ್ಯಾಯ. ಆಸ್ತಿಯ ಕಾನೂನೇ ಬದಲಾಯಿತು. ಮುಂದಿನ ಕೂಟದಲ್ಲಿಯೂ ಕೇಳಿ, ಸಿಟ್ಟಿಲ್ಲದೆ, ಬರೆದುಕೊಟ್ಟು ಕೇಳಿ.

ಪ್ರಶ್ನೆ: ಭಾನುವಾರದ ಶಾಲೆಯಲ್ಲಿ ಈ ಕಥೆ ಹೇಳಿದಾಗ ಹುಡುಗನೊಬ್ಬ, ಕೋರಹನ ಮಕ್ಕಳೂ ಸತ್ತರೇ ಎಂದು ಕೇಳಿದ. ಏನು ಹೇಳಲಿ?
— ಶಿಕ್ಷಕಿಯೊಬ್ಬರು, ಹೊನ್ನಾವರ

ಉತ್ತರ: ಸಾಯಲಿಲ್ಲ. ಅರಣ್ಯಕಾಂಡ 26:11ರಲ್ಲಿ ಅಷ್ಟನ್ನೇ ಒಂದು ಸಾಲಿನಲ್ಲಿ ಹೇಳಿ ಬಿಟ್ಟಿದೆ. ಆ ಮಕ್ಕಳ ಸಂತತಿಯಲ್ಲಿ ಪ್ರವಾದಿ ಸಮುವೇಲನು ಹುಟ್ಟಿದನೆಂದು ಪೂರ್ವಕಾಲವೃತ್ತಾಂತದ ವಂಶಾವಳಿ ಹೇಳುತ್ತದೆ, ಉಳಿದವರಲ್ಲಿ ಹಲವರು ದೇವಾಲಯದ ದ್ವಾರಪಾಲಕರೂ ಗಾಯಕರೂ ಆದರು. ಕೀರ್ತನೆಗಳ ಗ್ರಂಥದಲ್ಲಿ 11 ಕೀರ್ತನೆಗಳ ತಲೆಬರಹದಲ್ಲಿ ಕೋರಹೀಯರ ಹೆಸರಿದೆ. ಅವುಗಳಲ್ಲೊಂದಾದ 84ನೆಯದರಲ್ಲಿ, ದುಷ್ಟರ ಗುಡಾರಗಳಲ್ಲಿ ವಾಸಿಸುವುದಕ್ಕಿಂತ ನನ್ನ ದೇವರ ಆಲಯದ ಹೊಸ್ತಿಲಲ್ಲಿರುವುದೇ ಲೇಸು ಎನ್ನುತ್ತಾರೆ. ಆ ದಿನ ಮೋಶೆ, ದೂರ ಸರಿಯಿರಿ ಎಂದು ತೋರಿಸಿದ್ದು ಗುಡಾರಗಳನ್ನೇ ಅಲ್ಲವೇ? ಮನೆತನವು ಅದನ್ನು ಮರೆತಿರಲಿಲ್ಲ.

46ನೆಯ ಕೀರ್ತನೆಯೂ ಅವರದೇ. ದೇವರು ನಮಗೆ ಆಶ್ರಯವಾಗಿರುವುದರಿಂದ ಭೂಮಿ ಕದಲಿದರೂ, ಬೆಟ್ಟಗಳು ಕುಸಿದು ಸಮುದ್ರದೊಳಗೆ ಬಿದ್ದರೂ ನಾವು ಹೆದರುವುದಿಲ್ಲ ಎಂಬ ಮಾತು ಅದರಲ್ಲಿದೆ. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸುವಾಗ, ಹಾಡಿದವರು ಯಾರ ಮೊಮ್ಮಕ್ಕಳು ಎಂಬುದನ್ನೂ ಹೇಳಿ.