ಹುಡುಗ್ರು ಗಟ್ಟಿಯಾಗಿ ಓದ್ತಾರ, ಅರ್ಥ ಕೇಳಿದ್ರ ಸುಮ್ನ ನಿಲ್ತಾರ. ಗಣಿತ, ವಿಜ್ಞಾನದ ಪಿರಿಯಡ್‌ನಾಗ ಓದು ಬರಹ ಹೆಂಗ ಕಲಿಸೋದು?

ನೀವು ಕೇಳಿದ್ದು ಇಷ್ಟು: ಲಿಂಗಸುಗೂರು ಕಡಿ ಒಂದು ಹಳ್ಳಿ ಹೈಸ್ಕೂಲಿಗೆ ಹೊಸದಾಗಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್ ಆಗಿ ಬಂದೀರಿ, ಎಂಟನೇ ಕ್ಲಾಸಿನ ಹುಡುಗ್ರು ಪಾಠ ಓದಂದ್ರ ಓದ್ತಾರ, ಏನ್ ಓದಿದಿ ಅಂದ್ರ ಹೇಳಾಕ ಬರಂಗಿಲ್ಲ, ಸ್ವಂತ ಎರಡು ಸಾಲು ಬರಿ ಅಂದ್ರ ಪೆನ್ನು ಕಚ್ಕೊಂತ ಕೂಡ್ತಾರ, ಮತ್ತ ಸ್ಟಾಫ್ ರೂಮಿನಾಗ ಕೇಳಿದ್ರ "ಅದು ಕನ್ನಡ ಟೀಚರ್ ಕೆಲಸ" ಅಂತಾರ, ಇನ್ನ 60 ಮಂದಿ ಬರದದ್ದನ್ನ ತಿದ್ದೋದು ಹೆಂಗ. ನಾನು ಗಂಗಾವತಿ ತಾಲೂಕಿನಾಗ 14 ವರ್ಷದಿಂದ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಟೀಚರ್ ಅದೀನಿ, ಮೊದಲ ನಾಕೈದು ವರ್ಷ ನಾನೂ ಹಂಗ ತಿಳ್ಕೊಂಡಿದ್ದೆ. ಈಗ ಹಂಗ ಅನಸಂಗಿಲ್ಲ. ವಿಜ್ಞಾನದ ಕನ್ನಡ ಅನ್ನೋದು ಬ್ಯಾರೆನೇ ಒಂದು ಕನ್ನಡ, ಅದರ ಗಂಟು ವಿಜ್ಞಾನದ ಟೀಚರ್‌ಗೆ ಮಾತ್ರ ಬಿಚ್ಚಾಕ ಬರತೈತಿ, ಕನ್ನಡ ಟೀಚರ್ ಎಷ್ಟು ಚಲೋ ಇದ್ರೂ ಪತ್ರರಂಧ್ರ (ಎಲಿ ಮ್ಯಾಲಿನ ಸಣ್ಣ ತೂತು) ಅಂದ್ರೇನು ಅಂತ ಅವರು ಹೇಳಿಕೊಡಾಕ ಆಗಂಗಿಲ್ಲ.

ಮೊದ್ಲು ಒಂದು ಸಣ್ಣ ಪರೀಕ್ಷೆ ಮಾಡ್ರಿ, ಒಂದು ಪಿರಿಯಡ್ ಸಾಕು. ಒಂದು ಪ್ಯಾರಾ ಅವರ ಕಡಿಂದ ಓದಿಸಿ ನಾಕು ಪ್ರಶ್ನೆ ಕೇಳ್ರಿ. ಆಮ್ಯಾಲೆ ಅಷ್ಟ ಕಷ್ಟದ ಇನ್ನೊಂದು ಪ್ಯಾರಾ ನೀವ ನಿಧಾನಕ್ಕ ಓದಿ ಹೇಳ್ರಿ, ಪುಸ್ತಕ ಮುಚ್ಚಿಸಿ, ಮತ್ತ ನಾಕು ಪ್ರಶ್ನೆ. ನೀವು ಓದಿದಾಗ ಯಾರಿಗೆ ತಿಳೀತೋ ಅವರಿಗೆ ಅಕ್ಷರದ ತೊಂದ್ರೆ, ಒತ್ತಕ್ಷರ ಬಂದಲ್ಲಿ ಎಡವಿ ಎಡವಿ ಸಾಲಿನ ಕೊನಿಗೆ ಹೋಗೋದ್ರಾಗ ಮೊದಲಿಂದು ಮರ್ತಿರ್ತಾರ. ಕೇಳಿದ್ರೂ ತಿಳೀಲಿಲ್ಲ ಅಂದ್ರ ತೊಂದ್ರೆ ಭಾಷೆದು, ವಿಷಯದ್ದು. 1986ರಾಗ ಗಫ್ ಮತ್ತು ಟನ್ಮರ್ ಅನ್ನೋ ಇಬ್ರು ಸಂಶೋಧಕರು ಇದನ್ನ ಗುಣಾಕಾರದಂಗ ಹೇಳಿದ್ರು, ಅಕ್ಷರ ಬಿಡಿಸೋ ಶಕ್ತಿ ಗುಣಿಸು ಭಾಷೆ ತಿಳಿಯೋ ಶಕ್ತಿ, ಎರಡರಾಗ ಒಂದು ಸೊನ್ನೆ ಆದ್ರ ಉತ್ತರನೂ ಸೊನ್ನೆ. ಗಣಿತದವ್ರು ನೀವು, ನಿಮಗ ಬೇಗ ತಿಳೀತೈತಿ. ಅಕ್ಷರದ ತೊಂದ್ರೆ ಇರೋ ಹುಡುಗ್ರಿಗೆ ದಿನಾ ಹತ್ತು ನಿಮಿಷ ಬ್ಯಾರೆ ಓದು ಬೇಕು, ಅದರಾಗ ಕನ್ನಡ ಟೀಚರ್ ಸಹಾಯ ಖಂಡಿತ ತಗೋರಿ. ಮುಂದ ನಾ ಹೇಳೋದು ಎರಡನೇ ಗುಂಪಿಗೆ, ನನ್ನ ಕ್ಲಾಸಿನಾಗ ಯಾವಾಗ್ಲೂ ಅವರ ಜಾಸ್ತಿ ಇರ್ತಾರ.

ಈಗ ಈ ವಾಕ್ಯ ನೋಡ್ರಿ, ಪುಸ್ತಕದ ಧಾಟಿಯಾಗ ನಾನ ಬರದೀನಿ: "ಬೇರುಗಳು ಮಣ್ಣಿನಿಂದ ಹೀರಿಕೊಂಡ ನೀರು ಮತ್ತು ಪತ್ರರಂಧ್ರಗಳ ಮೂಲಕ ಒಳಬಂದ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಂಡು ಸೂರ್ಯನ ಬೆಳಕಿನ ಸಹಾಯದಿಂದ ಸಸ್ಯಗಳು ತಯಾರಿಸಿದ ಆಹಾರವು ಪಿಷ್ಟದ ರೂಪದಲ್ಲಿ ಸಂಗ್ರಹಿಸಲ್ಪಡುತ್ತದೆ." ಏನು ಸಂಗ್ರಹ ಆತು ಅಂತ ಕೇಳಿದ್ರ ಅರ್ಧ ಕ್ಲಾಸು "ನೀರ್ರೀ ಟೀಚರ್" ಅಂತೈತಿ. ಅವರು ದಡ್ಡರಲ್ಲ. ಕನ್ನಡದಾಗ ಕ್ರಿಯಾಪದ ಕೊನಿಗೆ ಬರತೈತಿ, ಹೀರಿಕೊಂಡ, ಒಳಬಂದ, ತಯಾರಿಸಿದ ಅಂತ ಮೂರು ಸಣ್ಣ ವಾಕ್ಯ ಮುದುಡಿ ಒಂದರಾಗ ಸೇರ್ಯಾವ, ಯಾರು ಮಾಡಿದ್ರು ಯಾವುದಕ್ಕ ಆತು ಅನ್ನೋದು ಕೊನೀತನಕ ತಲ್ಯಾಗ ಹಿಡ್ಕೊಂಡು ಹೋಗ್ಬೇಕು, ಮ್ಯಾಲೆ "ಲ್ಪಡುತ್ತದೆ" ಅನ್ನೋದನ್ನ ಆ ಹುಡುಗ್ರು ಮನ್ಯಾಗ ಹುಟ್ಟಿದಾಗಿಂದ ಒಮ್ಮೆನೂ ಕೇಳಿಲ್ಲ.

ಇದಕ್ಕ ನಾನು ಮಾಡೋದು ಬಾಲದಿಂದ ಓದೋದು. ಬೋರ್ಡಿನ ಮ್ಯಾಲೆ ವಾಕ್ಯ ಬರೀತೀನಿ, ಕೊನಿಂದ ಶುರು ಮಾಡ್ತೀವಿ. ಏನಾತು? ಸಂಗ್ರಹ ಆತು. ಏನ್ ಸಂಗ್ರಹ ಆತು? ಆಹಾರ. ಎಂಥಾ ಆಹಾರ? ಗಿಡ ಮಾಡ್ಕೊಂಡಿದ್ದು. ಏನ್ ಹಾಕಿ ಮಾಡ್ಕೊಂತು? ನೀರು, ಇಂಗಾಲದ ಡೈಆಕ್ಸೈಡ್. ನೀರು ಎಲ್ಲಿಂದ ಬಂತು? ಬೇರು ಹೀರಿದ್ದು. ಗಾಳಿ ಎಲ್ಲಿಂದ ಬಂತು? ಎಲಿ ತೂತಿನಿಂದ. ಒಂದೊಂದು ಉತ್ತರಕ್ಕ ಒಂದೊಂದು ಸಣ್ಣ ವಾಕ್ಯ, ಒಟ್ಟು ಆರು ಆಗ್ತಾವ, ಆರೂ ಅವರ ಬಾಯಿಂದ ಬಂದಿದ್ದು. ಮೊದ್ಲೆರಡು ತಿಂಗಳು ನಾ ಗಟ್ಟಿಯಾಗಿ ಯೋಚನಿ ಮಾಡಿ ತೋರಿಸ್ತೀನಿ, "ಇಲ್ಲಿ ನನಗ ಗೊಂದಲ ಆತು, ಹಿಂದಕ್ಕ ಹೋಗಿ ಮತ್ತೊಮ್ಮೆ ಓದ್ತೀನಿ" ಅಂತ ಬಾಯಿಬಿಟ್ಟು ಹೇಳ್ತೀನಿ, ಯಾಕಂದ್ರ ದೊಡ್ಡವ್ರು ಓದ್ವಾಗ ನಿಂತು ಹಿಂದಕ್ಕ ಹೋಗ್ತಾರ ಅನ್ನೋದೇ ಎಷ್ಟೋ ಮಕ್ಕಳಿಗೆ ಗೊತ್ತಿರಂಗಿಲ್ಲ. ಒಂದು ಅಧ್ಯಾಯಕ್ಕ ಒಂದ ಪ್ಯಾರಾ ಹಿಂಗ ಮಾಡ್ರಿ, ಎಲ್ಲಾ ಪ್ಯಾರಾ ಮಾಡಾಕ ಹೋದ್ರ ಸಿಲಬಸ್ ಮುಗಿಯಂಗಿಲ್ಲ.

ದೊಡ್ಡ ಪದಗಳನ್ನೂ ಹಂಗ ಒಡೀತೀವಿ. ದ್ಯುತಿ ಅಂದ್ರ ಬೆಳಕು, ಸಂಶ್ಲೇಷಣೆ ಅಂದ್ರ ಕೂಡಿಸಿ ಮಾಡೋದು, ಬೆಳಕಿನಿಂದ ಕೂಡಿಸಿ ಮಾಡೋದು. ಬಾಷ್ಪ ಅಂದ್ರ ಆವಿ, ಭವನ ಅಂದ್ರ ಇಲ್ಲಿ ಮನಿ ಅಲ್ಲ, ಆಗೋದು. ಇದನ್ನ ಹೇಳದಿದ್ರ ಹುಡುಗ್ರು ಬಾಷ್ಪೀಭವನ ಅನ್ನೋದನ್ನ ಮಂತ್ರದಂಗ ಬಾಯಿಪಾಠ ಮಾಡ್ತಾರ ಅಷ್ಟ.

ಗುಂಪಿನಾಗ ಓದಿಸಾಕ 1984ರಾಗ ಪ್ಯಾಲಿಂಕ್ಸರ್ ಮತ್ತು ಬ್ರೌನ್ ಅನ್ನೋ ಇಬ್ರು ಸಂಶೋಧಕರು ತೋರಿಸಿಕೊಟ್ಟ ದಾರಿ ಐತಿ. ಅವರು ಪ್ರಯೋಗ ಮಾಡಿದ್ದೂ ನಿಮ್ಮ ಮಕ್ಕಳಂಥವರ ಮ್ಯಾಲೇ, ಏಳನೇ ಕ್ಲಾಸಿನವ್ರು, ಓದಾಕ ಬರತಿತ್ತು, ಅರ್ಥ ಆಗ್ತಿರಲಿಲ್ಲ. ನಾಕು ಕೆಲಸ: ಮುಂದ ಏನ್ ಬರಬಹುದು ಅಂತ ಊಹಿಸೋದು, ಪ್ರಶ್ನೆ ಕೇಳೋದು, ತಿಳೀದ ಗಂಟು ಬಿಚ್ಚೋದು, ಕೂಡಿಸಿ ಚಿಕ್ಕದಾಗಿ ಹೇಳೋದು. ಮೊದ್ಲು ಟೀಚರ್ ಮಾಡಿ ತೋರಿಸ್ತಾರ, ನಿಧಾನಕ್ಕ ಮಕ್ಕಳ ಟೀಚರ್ ಜಾಗಕ್ಕ ಬರ್ತಾರ. ನಾ ನಾಕು ನಾಕು ಮಂದಿ ಕೂಡಿಸಿ ಒಬ್ಬೊಬ್ರಿಗೆ ಒಂದೊಂದು ಕೆಲಸ ಕೊಡ್ತೀನಿ, ಪ್ಯಾರಾ ಬದ್ಲಾದಂಗ ಕೆಲಸಾನೂ ಬದ್ಲಿ. ಪ್ರಶ್ನೆಗೆ ಒಂದ ನಿಯಮ, ಪುಸ್ತಕದ ಸಾಲನ್ನ ಹಂಗ ಇಳಿಸಿದ್ರ ಉತ್ತರ ಆಗೋವಂಥಾ ಪ್ರಶ್ನೆ ಕೇಳಂಗಿಲ್ಲ. ಯಾಕಂದ್ರ ನಮ್ಮ ಮಕ್ಕಳು ಗೈಡ್ ನೋಡಿ ಅದನ್ನ ಕಲ್ತಾರ, ಪ್ರಶ್ನೆಯಾಗಿನ ಒಂದು ಪದ ಪುಸ್ತಕದಾಗ ಹುಡುಕೋದು, ಆ ಸಾಲು ಪೂರ್ತಿ ಇಳಿಸೋದು, ಅದಕ್ಕ ಮಾರ್ಕ್ಸೂ ಬೀಳತೈತಿ, ತಿಳೀದನ ಪಾಸಾಗಿ ಬಿಡ್ತಾರ.

ಗಣಿತಕ್ಕ ಬರ್ರಿ. "ಬಸಪ್ಪನ ಹತ್ರ 12 ಚೀಲ ಭತ್ತ ಐತಿ, ಇದು ಈರಣ್ಣನಕಿಂತ 4 ಚೀಲ ಹೆಚ್ಚು, ಚೀಲಕ್ಕ 75 ಕೆಜಿ, ಈರಣ್ಣನ ಭತ್ತ ಎಷ್ಟು ಕೆಜಿ?" "ಹೆಚ್ಚು" ಅಂತ ಕಂಡ ಕೂಡ್ಲೆ ಕೂಡಿಸಿ 16 ಚೀಲ, 1200 ಕೆಜಿ ಅಂತ ಬರೀತಾರ. ಸರಿಯಾದ್ದು 8 ಚೀಲ, 600 ಕೆಜಿ. ಗುಣಾಕಾರ ಪಕ್ಕಾ ಬರತೈತಿ, ಓದಿದ್ದ ತಪ್ಪಾಗಿರತೈತಿ. ನಮ್ಮ ಸಾಲಿ ಗಣಿತದ ಸರ್ ಮಾಡೋದು ಏನಂದ್ರ ಅಂಕಿ ಎಲ್ಲಾ ಅಳಿಸಿ ಲೆಕ್ಕ ಬರೀತಾರ, "ಬಸಪ್ಪನ ಹತ್ರ ಒಂದಿಷ್ಟು ಚೀಲ, ಈರಣ್ಣನಕಿಂತ ಹೆಚ್ಚು", ಯಾರ ಹತ್ರ ಜಾಸ್ತಿ ಅಂತ ಕೇಳ್ತಾರ, ಎರಡು ಗೆರಿ ಎಳೆಸ್ತಾರ, ಉದ್ದಂದು ಯಾರ್ದು ಗಿಡ್ಡಂದು ಯಾರ್ದು, ಆಮ್ಯಾಲೆ ಅಂಕಿ ತುಂಬಿಸ್ತಾರ. ಅಂಕಿ ಇಲ್ಲಂದ್ರ ಮಕ್ಕಳಿಗೆ ಕತಿ ಓದೋದು ಬಿಟ್ಟು ಬ್ಯಾರೆ ದಾರಿ ಇರಂಗಿಲ್ಲ.

ಬರಹದ ವಿಷಯಕ್ಕ ನನಗ ಎಲ್ಲಕ್ಕಿಂತ ಮುಖ್ಯ ಅನಸೋದು, ಮೊದ್ಲು ಬಾಯಿಲೆ, ಅದೂ ಮನಿ ಮಾತಿನಾಗ. "ಮಣ್ಣಿನ ಗಡಿಗ್ಯಾಗಿನ ನೀರು ತಣ್ಣಗಿರತೈತಿ, ಕಾರಣ ಕೊಡಿ" ಅಂದ್ರ "ಆವಿಯಾಗುವುದರಿಂದ" ಅಂತ ಒಂದು ಪದ ಬರೀತಾರ. ನಮ್ಮ ಕಡಿ ಬ್ಯಾಸಗಿಗೆ ಗಡಿಗಿ ಇಲ್ಲದ ಮನಿ ಯಾವುದೈತಿ ಹೇಳ್ರಿ. ಒಂದು ಗಡಿಗಿ ಒಂದು ಸ್ಟೀಲ್ ಕೊಡ ನೀರು ತುಂಬಿ ರಾತ್ರಿ ಇಟ್ಟು, ಮರುದಿನ ಮಕ್ಕಳ ಕಡಿಂದ ಥರ್ಮಾಮೀಟರ್‌ನಾಗ ಅಳೆಸಿದೆ. ಒಬ್ಬ ಹುಡುಗ ಅಂದ, "ಗಡಿಗಿ ಸಣ್ಣ ತೂತಿನಿಂದ ನೀರು ಹೊರಗ ಬಂದು ಆರ್ತೈತ್ರೀ, ಆರ್ವಾಗ ಒಳಗಿನ ಕಾವು ತಗೊಂಡು ಹೊಕ್ಕೈತ್ರೀ, ಅದಕ ಉಳಿದ ನೀರು ತಣ್ಣಗ." ಇದನ್ನ ಹಂಗ, ಅವನ ಮಾತಿನಾಗ, ಬೋರ್ಡಿನ ಮ್ಯಾಲೆ ಬರದೆ. ಮಾತು ತಿದ್ದಲಿಲ್ಲ. ಆಮ್ಯಾಲೆ ಎಲ್ಲರೂ ಕೂಡಿ ಅದನ್ನ ಪುಸ್ತಕದ ಕನ್ನಡಕ್ಕ ತಿರಿವಿದ್ವಿ, ಆರೋದು ಅನ್ನೋದು ಆವಿಯಾಗುವುದು ಆತು, ಕಾವು ಅನ್ನೋದು ಉಷ್ಣ ಆತು. ಮೊದಲ ಸಾಲಿಗೇ "ಐತಿ ಅಲ್ಲ, ಇದೆ ಅನ್ನು" ಅಂತ ತಡದ್ರ ಆ ಹುಡುಗ ಮುಂದಿನ ಸಾಲು ಹೇಳಂಗಿಲ್ಲ, ಇದು ನಾ ಕಣ್ಣಾರೆ ನೋಡಿದ್ದು. ಬರಿವಾಗ ಮೂರು ಕೇಳ್ತೀನಿ: ಏನಂತೀ, ಏನ್ ನೋಡಿ ಅಂತೀ, ಅದಕ್ಕೂ ಇದಕ್ಕೂ ಸಂಬಂಧ ಏನು. ಮೂರನೇದನ್ನ ಎಲ್ಲರೂ ಬಿಡ್ತಾರ, ಅದಕ್ಕ "ಯಾಕಂದ್ರ" ಅಂತ ಸಾಲು ನಾನ ಶುರು ಮಾಡಿ ಕೊಡ್ತೀನಿ.

ನಿಮಗ ಎಂಟನೇ ಕ್ಲಾಸಿನ ಬಲ ಮತ್ತು ಒತ್ತಡ ಪಾಠಕ್ಕ ಇಲ್ಲೇ ಒಂದು ವಸ್ತು ಐತಿ. 2024 ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟ್‌ನಾಗ 19ನೇದರ ಚೈನ್ ಕಡದು ಗೇಟ್ ಕೊಚ್ಚಿ ಹೋತು. ನೀರು ಹೋಗಬಾರದು ಅಂತಿರೋ ಹೊತ್ತಿನಾಗ ಉಳಿದ ಗೇಟನ್ನೂ ತಗದು ನೀರು ಬಿಟ್ರು. ಯಾಕ? ಆವತ್ತಿನ ಪೇಪರ್ ಕಟಿಂಗ್ ಒಂದು, ಪಾಠದಾಗಿನ ದ್ರವದ ಒತ್ತಡದ ಪ್ಯಾರಾ ಒಂದು, ಎರಡನ್ನೂ ಓದಿ ಐದು ಸಾಲು ಬರೀರಿ ಅಂತ ಕೊಟ್ಟಿದ್ದೆ. ಕಾಲುವಿ ನೀರಿನ ಮ್ಯಾಲೆ ಭತ್ತ ಬೆಳಿಯೋ ಮನಿ ಮಕ್ಕಳು, ನೀರಿನ ಮಟ್ಟ ಇಳಿಸದೇ ಸ್ಟಾಪ್‌ಲಾಗ್ (ಹೋದ ಗೇಟಿನ ಜಾಗಕ್ಕ ಇಡೋ ತಾತ್ಕಾಲಿಕ ತಡಿ) ಕೂಡ್ಸಾಕ ಆಗಂಗಿಲ್ಲ ಅನ್ನೋದನ್ನ ಅಪ್ಪನ ಬಾಯಾಗ ಕೇಳಿದವ್ರು, ಯಾವತ್ತೂ ಎರಡು ಸಾಲು ದಾಟದವ್ರು ಅವತ್ತು ಒಂದು ಪುಟ ಬರದ್ರು. ಓದೋ ವಿಷಯದ ಬಗ್ಗೆ ಮೊದಲ ಏನರ ಗೊತ್ತಿದ್ರ ಅರ್ಥ ಆಗೋದು ಎಷ್ಟು ಹಗುರ ಅಂತ ನಾ ಅಲ್ಲಿ ನೋಡಿದೆ.

ಸಮಾಜ ವಿಜ್ಞಾನದ ಟೀಚರಿಗೂ ಇದನ್ನ ಹೇಳ್ರಿ, ಅಶೋಕನ ಶಾಸನ ಇರೋ ಮಸ್ಕಿ ನಿಮಗ ಹತ್ರನೇ ಐತಿ. 1837ರಾಗ ಜೇಮ್ಸ್ ಪ್ರಿನ್ಸೆಪ್ ಅನ್ನೋ ಇಂಗ್ಲಿಷ್ ವಿದ್ವಾಂಸ ಹಳೇ ಬ್ರಾಹ್ಮಿ ಲಿಪಿ ಓದಿದ ಮ್ಯಾಲೂ ಶಾಸನದಾಗ ಸಿಗ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದು, 1915ರಾಗ ಮಸ್ಕಿಯಾಗ ಅಶೋಕ ಅನ್ನೋ ಹೆಸರ ಸಿಕ್ತು. ಆಮ್ಯಾಲೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೊಳದಾಗೂ ಸಿಕ್ತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನದಾಗ ಆ ಹೆಸರಿಲ್ಲ, ಹಂಗಾದ್ರ ಅವೂ ಅಶೋಕನವ ಅಂತ ಹೆಂಗ ಹೇಳ್ತೀರಿ, ಸಾಕ್ಷಿ ಕೊಟ್ಟು ಬರೀರಿ. ಇಂಥಾ ಒಂದು ಪ್ರಶ್ನೆಗೆ ಉತ್ತರ ಯಾವ ಗೈಡಿನಾಗೂ ಸಿಗಂಗಿಲ್ಲ, ಎರಡು ಶಾಸನದ ಮಾತು ಒಂದಕ್ಕೊಂದು ಹೋಲಿಸಿ ಓದಲೇಬೇಕು.

ತಿದ್ದೋದು ಹೆಂಗ ಅಂತ ಕೇಳಿದ್ರಿ. 60 ಮಂದಿ ನೋಟ್‌ಬುಕ್ ದಿನಾ ತಿದ್ದಾಕ ಯಾರಿಂದಾನೂ ಆಗಂಗಿಲ್ಲ. ಪಿರಿಯಡ್ ಕೊನಿ ಐದು ನಿಮಿಷ, ಕಾಲು ಹಾಳಿ, ಒಂದ ವಾಕ್ಯ. ಓದಿ ಮೂರು ಗುಂಪು ಮಾಡಿ ಇಟ್ಕೊಳ್ರಿ, ತಿಳಿದವ್ರು, ಅರ್ಧ ತಿಳಿದವ್ರು, ಏನೂ ತಿಳೀಲಾರದವ್ರು, ಮರುದಿನ ಪಾಠ ಎಲ್ಲಿಂದ ಶುರು ಮಾಡ್ಬೇಕು ಅಂತ ಅದ ಹೇಳತೈತಿ. ಕಾಗುಣಿತ ತಪ್ಪಿಗೆ ಮೊದಲ ಸಲ ಕೆಂಪು ಪೆನ್ನು ಮುಟ್ಟಬ್ಯಾಡ್ರಿ, ವಿಚಾರ ಸರಿ ಆದ ಮ್ಯಾಲೆ ವಾರಕ್ಕ ಒಂದು ತಪ್ಪು ಹಿಡ್ಕೊಳ್ರಿ.

ನೋಟ್ಸ್ ಬರೆಸೋದು ಪೂರ್ತಿ ಬಿಡ್ರಿ ಅಂತ ನಾ ಹೇಳಂಗಿಲ್ಲ, ಪರೀಕ್ಷೆ ಐತಿ. ಆದ್ರ ಹತ್ತಿ ಬಿಡಸಾಕ, ಮೆಣಸಿನಕಾಯಿ ಬಿಡಸಾಕ ವಾರಗಟ್ಲೆ ಹೋಗೋ ಮಕ್ಕಳು, ಅಪ್ಪ ಅವ್ವನ ಜೊತಿ ಗುಳೆ ಹೋಗಿ ಬರೋ ಮಕ್ಕಳು ನಿಮ್ಮ ಕ್ಲಾಸಿನಾಗೂ ಇರ್ತಾರ. ಅವರು ತಿರುಗಿ ಬಂದಾಗ ನೋಟ್ಸ್ ಮಾತ್ರ ನಂಬಿದ್ರ ಗೆಳತಿ ಬುಕ್ ನೋಡಿ ಇಳಿಸೋದ ಒಂದ ಕೆಲಸ, ಪುಸ್ತಕ ಓದಾಕ ಬಂದ್ರ ಬಿಟ್ಟ ಪಾಠ ತಾವ ಹಿಡೀತಾರ. ಹೋದ ವರ್ಷ ಮೂರು ವಾರ ಬಿಟ್ಟು ಬಂದ ಒಬ್ಬ ಹುಡುಗಿ ಬಿಟ್ಟ ಪಾಠದಾಗ ಏಳು ವಾಕ್ಯಕ್ಕ ಪೆನ್ಸಿಲ್‌ಲೆ ಗೆರಿ ಹೊಡ್ಕೊಂಡು ಬಂದು "ಟೀಚರ್, ಇವು ಏಳ ತಿಳೀಲಿಲ್ರಿ" ಅಂದ್ಲು. ಉಳಿದದ್ದೆಲ್ಲಾ ಅಕಿಗೆ ತಿಳಿದಿತ್ತು.

ನಿಮ್ಮ ಮುಂದಿನ ಪಾಠ ಯಾವುದು, ಯಾವ ಪ್ಯಾರಾದಾಗ ಹುಡುಗ್ರು ಎಡವ್ತಾರ ಅಂತ ಕೆಳಗ ಬರೀರಿ, ಅದನ್ನ ಬಾಲದಿಂದ ಹೆಂಗ ಬಿಡಿಸ್ಬಹುದು ಅಂತ ನಾ ಬರದು ಹಾಕ್ತೀನಿ.